ಶಲ್ಯದ ಹಾಯಿ

ರಸ್ತೆಗೆ ಡಾಂಬರು ಕಾಯಿಸುವ ವಾಸನೆ ಬಂದರೆ ಈಗಲೂ ನನಗೆ ಅಂಬಿಗರ ಕೆಂಚಣ್ಣನ ಹರಿಗೋಲು ನೆನಪಾಗುತ್ತದೆ.

ಕೃಷ್ಣರಾಜನಗರದ ಹತ್ತಿರದ ಹಳ್ಳಿ ನಮ್ಮದು. ಹಳೇ ಕಾಲದ ಹಾಯಿಹಡಗಿನ ಪಾಠ ಬಂದಾಗ, ಸಮುದ್ರವನ್ನೇ ಕಾಣದ ನಮ್ಮ ಮೇಷ್ಟ್ರು ಒಂದು ಮಧ್ಯಾಹ್ನ ಕ್ಲಾಸಿನವರನ್ನೆಲ್ಲ ಆ ಹರಿಗೋಲಿಗೆ ಹತ್ತಿಸಿದರು. ಹೊಸದಾಗಿ ಬಳಿದ ಡಾಂಬರು ನನ್ನ ಲಂಗಕ್ಕೆ ಅಂಟುತ್ತಿತ್ತು. ಬೇಸಿಗೆಯ ಕಾವೇರಿ ಶಾಂತವಾಗಿದ್ದಳು. ನಡುಹೊಳೆಯಲ್ಲಿ ಮೇಷ್ಟ್ರು ಕೆಂಚಣ್ಣನ ಹುಟ್ಟನ್ನೇ ಇಸಿದುಕೊಂಡು ಕಂಬದಂತೆ ನಿಲ್ಲಿಸಿ, ಅದಕ್ಕೆ ತಮ್ಮ ಶಲ್ಯ ಕಟ್ಟಿದರು.

“ನೋಡ್ತಿರಿ, ಈಗ ಗಾಳೀನೇ ನಮ್ಮನ್ನ ದಡ ಮುಟ್ಟಿಸ್ತದೆ.”

ದುಂಡನೆಯ ಹರಿಗೋಲು ನಿಂತಲ್ಲೇ ಗಿರಗಿರ ಸುತ್ತಿತು. ಎಲ್ಲರೂ ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಸಣ್ಣಗಾಯಿತು.

“ವಸಿ ತಾಳಿ ಮೇಷ್ಟ್ರೇ, ಗಾಳಿ ಬತ್ತದೆ,” ಎಂದ ಕೆಂಚಣ್ಣ.

ಸ್ವಲ್ಪ ಹೊತ್ತಿಗೆ ಹರಿಗೋಲು ಮೆಲ್ಲಗೆ ದಡದತ್ತ ಹೊರಟಿತು. ಹುಡುಗರು ಶಲ್ಯ ನೋಡಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ನನಗೆ ಮಾತ್ರ ಕಂಡಿತು: ಕೆಂಚಣ್ಣ ಬೆನ್ನ ಹಿಂದೆ ತೋಳನ್ನು ನೀರಿಗೆ ಇಳಿಬಿಟ್ಟು, ಕೈಯನ್ನೇ ಹುಟ್ಟು ಮಾಡಿಕೊಂಡಿದ್ದ.

“ಸುಮ್ಕಿರವ್ವಾ,” ಎಂದು ಪಿಸುಗುಟ್ಟಿದ.

ದಡ ಸೇರಿದ ಮೇಲೆ ಮೇಷ್ಟ್ರು ಶಲ್ಯ ಬಿಚ್ಚಿದರು. ಹೆಗಲಿಗೆ ಹಾಕಿಕೊಳ್ಳಲಿಲ್ಲ. ಕೆಂಚಣ್ಣನ ಮುಂದೆ ಚಾಚಿ, “ತಗೋಳಪ್ಪ, ತೋಳು ಒರೆಸ್ಕೊ,” ಎಂದರು.