ದೊಡ್ಡಣ್ಣನ ಇಸಿಜಿ

ಎದೆಗೆ ತಣ್ಣನೆಯ ವೈರುಗಳು ಅಂಟುತ್ತಿದ್ದಂತೆ ಅಗ್ನಿಶಾಮಕ ಠಾಣೆಯ ಡ್ರೈವರ್ ಕಣ್ಣು ಮುಚ್ಚಿಕೊಂಡ. ಹೋದ ವರ್ಷದ ಆರೋಗ್ಯ ತಪಾಸಣೆಯಲ್ಲಿ ಇದೇ ಮಂಚದ ಮೇಲೆ ಅವನು ಎರಡು ಸಲ ಮಲಗಿದ್ದ, ಒಮ್ಮೆ ತನ್ನ ಹೆಸರಿನಲ್ಲಿ, ಇನ್ನೊಮ್ಮೆ ಠಾಣೆಯವರೆಲ್ಲ ದೊಡ್ಡಣ್ಣ ಎನ್ನುತ್ತಿದ್ದ ಹಿರಿಯನ ಹೆಸರಿನಲ್ಲಿ. "ಎದೆ ಚೂರು ಹಿಡ್ಕೊಳ್ಳುತ್ತೆ ಕಣೋ. ಗೊತ್ತಾದ್ರೆ ಆಫೀಸಲ್ಲಿ ಕೂರಿಸಿಬಿಡ್ತಾರೆ, ನೀನೇ ಮಲಗಿಬಿಡು" ಎಂದು ದೊಡ್ಡಣ್ಣ ಗೋಗರೆದಿದ್ದ. ನರ್ಸು ಹೆಸರು ಕೇಳಿದ್ದಳೇ ಹೊರತು ಮುಖ ನೋಡಿರಲಿಲ್ಲ.

ಮೊನ್ನೆ ಬೆಂಕಿ ಆರಿದ ಮೇಲೆ, ಪೈಪು ಸುತ್ತುತ್ತಾ ಕುಸಿದ ದೊಡ್ಡಣ್ಣ ಮತ್ತೆ ಏಳಲಿಲ್ಲ.

"ಇದು ನಿಮ್ಮ ದೊಡ್ಡಣ್ಣಂದು." ಡಾಕ್ಟರು ಹಳೆಯ ಇಸಿಜಿ ಹಾಳೆ ಬಿಚ್ಚಿದರು. "ಎಂಥಾ ಗಟ್ಟಿ ಗುಂಡಿಗೆ ನೋಡಿ! ನಂಗೆ ನಿದ್ದೇನೇ ಹತ್ತುತ್ತಿಲ್ಲ. ನಾನು ಎಲ್ಲಿ ಎಡವಿದೆ, ಹೇಳಿ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಯಂತ್ರ ಕಿರ್ರೆಂದು, ಸತ್ತವನ ಹಾಳೆಯಲ್ಲಿದ್ದ ಅದೇ ಗೆರೆಯನ್ನು ಅವನ ಎದೆಯಿಂದ ಮತ್ತೆ ಎಳೆಯತೊಡಗಿತ್ತು.