ಹಳೇ ಕೇಬಲ್

“ಡಿಸ್ಕಿಗೆ ಹೋಗೋ ಹಳೇ ಕೇಬಲ್ ಬಿಚ್ಚಬ್ಯಾಡೋ ಕುನಾಲ. ಡಬ್ಬಿ ಅಷ್ಟ ಬದಲಿ ಮಾಡು.”

ಹಾಗೆಂದವನೇ ರಾಜಾರಾಮ ತನ್ನ ಫೋಟೋ ಸ್ಟುಡಿಯೋದ ಶಟರ್ ಅರ್ಧಕ್ಕೆ ಇಳಿಸಿದ. ಹೊರಗೆ ಗೋಳಗುಮ್ಮಟ ನೋಡಲು ಬಂದವರ ಗದ್ದಲ. ಒಳಗೆ ಹಾಡಹಗಲೇ ಮಬ್ಬು. ಕುನಾಲನ ಕೈ ಸ್ಕ್ರೂಡ್ರೈವರಿನ ಮೇಲೆಯೇ ನಿಂತಿತು.

“ಶಟರ್ ಯಾಕ್ರಿ ಕಾಕಾ?”

“ಬಿಸಲು.”

ಈ ಅಂಗಡಿಯೊಳಗೆ ಬಿಸಿಲು ಯಾವತ್ತೂ ಬಂದದ್ದಿಲ್ಲ.

ಮೊನ್ನೆ ಇದೇ ಬಾಗಿಲೆದುರು ಶೇಂಗಾ ಮಾರುವ ಗುರುಬಾಯಿಗೆ ಬೈಕೊಂದು ಗುದ್ದಿ, ನಿಲ್ಲದೆ ಹೋಗಿತ್ತು. ಮುದುಕಿಗೆ ಇನ್ನೂ ಎಚ್ಚರವಿಲ್ಲ. ಬಾಗಿಲ ಮೇಲಿನ ಕ್ಯಾಮೆರಾ ಕಂಡದ್ದೆಲ್ಲ ಈ ಕಂಪ್ಯೂಟರಿನ ಡಿಸ್ಕಿನಲ್ಲಿತ್ತು. ಅದೇ ಸಂಜೆ ಕರೆಂಟು ಜಿಗಿದು, ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿ, ಪವರ್ ಸಪ್ಲೈ, ಸುಟ್ಟಿತ್ತು. ಇವತ್ತು ನಾಲ್ಕಕ್ಕೆ ಪೊಲೀಸರು ಬರುವವರಿದ್ದರು. ಸುದ್ದಿ ಕೇಳಿದ ಕುನಾಲ ಬೆಳಗ್ಗೆಯೇ ತಾನಾಗಿ ಫೋನ್ ಮಾಡಿದ್ದ. “ಬಿಟ್ಟಿ ಹಾಕಿಕೊಡ್ತೇನ್ರಿ ಕಾಕಾ. ಡಿಸ್ಕ್ ಮಾತ್ರ ಯಾರ ಕೈಯಾಗೂ ಕೊಡಬ್ಯಾಡ್ರಿ.” ಮನೆಯಲ್ಲಿದ್ದ ಹೊಸ ಪವರ್ ಸಪ್ಲೈ ಹಿಡಿದು, ಅಥಣಿ ರಸ್ತೆಯಿಂದ ಆಟೋದಲ್ಲಿ ಬಂದಿದ್ದ.

“ಗಾಡಿ ಎಲ್ಲೋ?”

“ಸರ್ವಿಸಿಂಗಿಗೆ ಬಿಟ್ಟೇನ್ರಿ.”

ಹೊಸದು ಮಾಡ್ಯುಲರ್, ಕೇಬಲ್‌ಗಳನ್ನೆಲ್ಲ ಬಿಡಿಬಿಡಿಯಾಗಿ ಸಿಕ್ಕಿಸಬೇಕು. ಹಳೆಯದೂ ಅದೇ ಥರದ್ದು, ಆದರೆ ಕಂಪನಿ ಬೇರೆ. ಒಂದರ ಕೇಬಲ್ ಇನ್ನೊಂದರಲ್ಲಿ ಸಲೀಸಾಗಿ ಕೂರುತ್ತದೆ. ಒಳಗಿನ ತಂತಿಗಳ ಸಾಲು ಮಾತ್ರ ಬೇರೆ. ಐದು ವೋಲ್ಟ್ ಹೋಗಬೇಕಾದಲ್ಲಿ ಹನ್ನೆರಡು ನುಗ್ಗಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಡಿಸ್ಕು ಬೂದಿ. ಬಾಯಿಗೆ ಬ್ರೇಕಿಲ್ಲದ ಕುನಾಲ ಕಂಡಕಂಡವರಿಗೆಲ್ಲ ಇದನ್ನೇ ಭಾಷಣ ಬಿಗಿದವನು.

ಅವನು ಕಣ್ಣೆತ್ತಿದ. ರಾಜಾರಾಮ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಮೊಬೈಲು ಒಂದು ಫೋಟೋ ಫ್ರೇಮಿಗೆ ಒರಗಿ ನಿಂತಿತ್ತು.

“ಕಾಕಾ, ಖರೇನ ಹಳೇದ ಇರಲ್ಯಾ?”

“ಯಾಕ, ಕೂಡೂದಿಲ್ಲೇನು?”

“ಕೂಡ್ತೈತ್ರಿ.”

“ಮತ್ತ? ಏನರ ಹೇಳೂದೈತೇನಲೇ?”

ಹೇಳುವುದಿದ್ದರೆ ಈಗಲೇ ಹೇಳಬೇಕು. ಆಮೇಲೆ ಹೇಳಿ ಉಪಯೋಗವಿಲ್ಲ.

“ಏನಿಲ್ಲರಿ.”

ಹಳೆಯ ಕೇಬಲನ್ನು ಹೊಸ ಡಬ್ಬಿಗೆ ಒತ್ತಿದ. ತುಂಬುತೋಳಿನ ಅಂಗಿಯೊಳಗೆ ಎಡ ಮೊಣಕೈ ಚುರುಕ್ಕೆಂದಿತು. ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದ. ಟಕ್ಕೆಂದು ಕೂತಿತು. ಡಬ್ಬಿಯ ಜೊತೆ ಬಂದ ಹೊಸ ಕೇಬಲ್ ಚೀಲದಲ್ಲೇ ಉಳಿಯಿತು.

“ಹಚ್ಚಲ್ಯಾ?”

“ಹಚ್ಚು. ನಿನ್ನ ಕೈಯಿಂದನ ಹಚ್ಚು.”

ಫ್ಯಾನು ಒಂದು ಸುತ್ತು ಹೊರಳಿತು. ಟಪ್! ಸುಟ್ಟ ವಾಸನೆ ಅಂಗಡಿ ತುಂಬಿತು.

“ಯಪ್ಪಾ! ಡಿಸ್ಕ್ ಹೋತ್ರಿ ಕಾಕಾ! ನೀವ ಹಳೇ ಕೇಬಲ್ ಇರಲಿ ಅಂದ್ರಿ!”

ರಾಜಾರಾಮ ಮೊಬೈಲ್ ಎತ್ತಿ ರೆಕಾರ್ಡಿಂಗ್ ನಿಲ್ಲಿಸಿದ. ಶಟರ್ ಸರ್ರನೆ ಮೇಲೆಳೆದ. ಇನ್ನೂ ಮೂರೂವರೆ, ಇಬ್ಬರು ಪೊಲೀಸರು ಆಗಲೇ ಹೊಸ್ತಿಲಲ್ಲಿ ನಿಂತಿದ್ದರು.

“ಸುಟ್ಟದ್ದು ಖಾಲಿ ಡಿಸ್ಕ್ ಐತಿ. ನಿನ್ನ ಫೋನ್ ಬಂದಮ್ಯಾಲೆ ಖರೇದನ್ನ ಠಾಣೇಕ ಕೊಟ್ಟು ಬಂದೇನಿ. ಅದರಾಗ ಗುದ್ದಿದಾಂವನ ಹೆಲ್ಮೆಟ್ ಅಷ್ಟ ಕಾಣತೈತಿ, ಮಾರಿ, ಗಾಡಿ ನಂಬರ್ ಏನೂ ಕಾಣೂದಿಲ್ಲ.” ರಾಜಾರಾಮ ಅವನ ಎಡದೋಳನ್ನು ಮೆಲ್ಲಗೆ ಹಿಡಿದ. ಕುನಾಲ ನರಳಿದ.

“ಹಳೇ ಕೇಬಲ್ ಹಾಕಿದ್ರ ಡಿಸ್ಕ್ ಸುಡತೈತಂತ, ಹೋದ ವರ್ಷ ಇದ ಖುರ್ಚಿಮ್ಯಾಲ ಕುಂತು ನನಗ ಕಲಿಸಿದಾಂವ ನೀನ ಅಲ್ಲೇನೋ, ತಮ್ಮಾ?”