ಮೂರು ಅಡಿ ಕಡಿಮೆ

ತಂಗಿಗೆ ಅಣ್ಣನ ಮೇಲೆ ನಂಬಿಕೆ ಇರಲಿಲ್ಲ. ಅವನು ಪೇಟೆಗೆ ಹೊರಟ ಹೊತ್ತು ನೋಡಿ ಗಾರೆಯವನನ್ನು ಕರೆತಂದಳು.

ಅವಳು ದರ್ಜಿ. ಹಿಂದಿನ ವಾರ ಬಂದಾಗ, ಪರದೆ ಹೊಲಿಯುವ ನೆಪದಲ್ಲಿ ಮನೆಯ ಒಳಗೂ ಹೊರಗೂ ಟೇಪು ಹಿಡಿದಿದ್ದಳು. ಗೋಡೆಗಳ ದಪ್ಪ ಕಳೆದರೂ ಒಳಗೆ ಮೂರು ಅಡಿ ಕಡಿಮೆ ಬಂತು. ಬಟ್ಟೆಯಲ್ಲಿ ಮೂರು ಅಂಗುಲ ಕಾಣೆಯಾದರೆ ಎಲ್ಲೋ ಮಡಿಕೆಯೊಳಗೆ ಇರುತ್ತದೆ. ಮನೆಯಲ್ಲೂ ಅಷ್ಟೇ.

ಹೊಲದ ನಡುವಿನ ಇಟ್ಟಿಗೆ ಮನೆ, ನೂರೈವತ್ತು ವರ್ಷದ್ದು. ಮುತ್ತಜ್ಜ ಎರಡು ಕೋಣೆ ಕಟ್ಟಿದ್ದ. ಅಜ್ಜ ಮೇಲೆ ಮಹಡಿ ಏರಿಸಿದ. ಅಪ್ಪ ಕಾಳಿನ ಮೂಟೆಗೆ ಜಾಗ ಸಾಲದೆಂದು ಕೆಳಗಿನ ನಡುಗೋಡೆ ಕೆಡವಿ ಒಂದೇ ಹಜಾರ ಮಾಡಿದ. ಎರಡು ವರ್ಷದ ಹಿಂದೆ ಅಣ್ಣ ಹಜಾರದ ನಡುವೆ ಮತ್ತೆ ಗೋಡೆ ಎಬ್ಬಿಸಿದ. ಒಬ್ಬನೇ, ಬಾಗಿಲು ಹಾಕಿಕೊಂಡು, ನಾಲ್ಕೇ ದಿನದಲ್ಲಿ. ಅತ್ತಿಗೆ ಕಾಣೆಯಾದದ್ದೂ ಅದೇ ವಾರ.

ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಹೆದರಿಕೊಂಡಳು. ಹೋದಳು. ಅವಳ ಸುದ್ದಿ ಬಿಡು."

ಅತ್ತಿಗೆ ಇವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು. ಹೇಳದೆ ಹೋಗುವವಳಲ್ಲ.

ಗಾರೆಯವನು ಗೋಡೆ ತಟ್ಟಿದ. "ಟೊಳ್ಳು. ಎರಡು ಗೋಡೆ ಕಟ್ಟಿ ಮಧ್ಯೆ ಜಾಗ ಬಿಟ್ಟಿದಾರೆ."

"ಒಡೆದ್ರೆ ಮನೆಗೇನೂ ಆಗಲ್ವಾ?"

"ಬರೀ ನಾಲ್ಕೂವರೆ ಇಂಚು ದಪ್ಪ ಅಕ್ಕಾ. ಭಾರ ಹೊರೋ ಗೋಡೆ ಅಲ್ಲ, ಮರೆಗೆ ಕಟ್ಟಿದ್ದು. ಆದ್ರೂ ನಿಮ್ಮಣ್ಣನ್ನ ಒಂದು ಮಾತು..."

"ಅವನನ್ನ ಎರಡು ವರ್ಷ ಕೇಳಿದೀನಿ. ಇವತ್ತು ಗೋಡೆನ ಕೇಳೋಣ. ಒಡಿ."

ಐದನೇ ಏಟಿಗೆ ತೂತು ಬಿತ್ತು. ಹತ್ತನೇ ಏಟಿಗೆ ಸುತ್ತಿಗೆ ಒಳಗೆ ಮರಕ್ಕೆ ಬಡಿಯಿತು. ಪೆಟ್ಟಿಗೆ, ಎಂದುಕೊಂಡಳು. ಆಳುದ್ದದ ಪೆಟ್ಟಿಗೆ.

"ಇನ್ನೂ ಜೋರಾಗಿ."

ಏನೋ ಜಾರಿತು. ಮೇಲಿಂದ ಸಣ್ಣಗೆ ಮಣ್ಣು ಉದುರಿತು.

ಪೇಟೆಯಿಂದ ಬೇಗ ಮರಳಿದ ಅಣ್ಣ ಬಾಗಿಲಲ್ಲಿ ನಿಂತಿದ್ದ. ಮುಖ ಸುಣ್ಣದ ಹಾಗಿತ್ತು. "ಮುಟ್ಟಬೇಡಿ! ಹೊರಗೆ ಬನ್ನಿ!"

"ಯಾಕೆ, ಭಯ ಆಯ್ತಾ? ಅತ್ತಿಗೆ ಎಲ್ಲಿ?"

ಅವನು ನುಗ್ಗಿ ಬಂದು ಅವಳ ರಟ್ಟೆ ಹಿಡಿದ. "ಕೊಲ್ತಾನೆ, ಬಿಡಿಸೋ!" ಎಂದು ಅವಳು ಕಿರುಚಿದಳು. ಗಾರೆಯವನು ಆಗಲೇ ಅಂಗಳದಲ್ಲಿದ್ದ. ಅಣ್ಣ ಅವಳನ್ನು ಮೂಟೆಯಂತೆ ಎತ್ತಿ ಹೊರಗೆ ಎಸೆದ. ಹೊಸ್ತಿಲಾಚೆ ಬಿದ್ದವಳು ತಿರುಗಿ ನೋಡುವಷ್ಟರಲ್ಲಿ ಮಹಡಿ ಕುಸಿದು ಕೂತಿತ್ತು. ಅಣ್ಣ ಹೊರಗೆ ಬಂದಿರಲಿಲ್ಲ.

ಮೂರನೆಯ ದಿನ, ಪತ್ರಿಕೆಯಲ್ಲಿ ಸುದ್ದಿ ಓದಿ ಅತ್ತಿಗೆ ಬಸ್ಸಿಳಿದು ಬಂದಳು. ದೂರದ ಆಸ್ಪತ್ರೆಯೊಂದರಲ್ಲಿ ಅಡಿಗೆ ಕೆಲಸಕ್ಕಿದ್ದಳಂತೆ. ಇಟ್ಟಿಗೆ ರಾಶಿಯ ಮುಂದೆ ನಿಂತು ಹೇಳಿದಳು.

"ಮಹಡಿ ಹೊತ್ತಿದ್ದ ತೊಲೆ ಸೀಳಿತ್ತು ಕಣೇ. ನಿಮ್ಮಣ್ಣ ನಾಲ್ಕು ಕಂಬ ಆಸರೆ ಕೊಟ್ಟು, ಕಾಣದ ಹಾಗೆ ಗೋಡೆ ಕಟ್ಟಿ ಮುಚ್ಚಿದ. ಗೊತ್ತಾದ್ರೆ ಪಂಚಾಯ್ತಿ ಕಚೇರಿಯೋರು ಮನೆ ಖಾಲಿ ಮಾಡಿಸ್ತಾರೆ, ನಿಂಗಂತೂ ಹೇಳಲೇಬೇಡ, ಊರಿಗೆಲ್ಲ ಹಬ್ಬಿಸ್ತೀಯ ಅಂದ. ನಂಗೆ ಅದರ ಕೆಳಗೆ ಮಲಗೋಕೆ ಧೈರ್ಯ ಬರಲಿಲ್ಲ."

ಈಗ ತಂಗಿಯ ಲೆಕ್ಕದಲ್ಲಿ ಕಡಿಮೆ ಬಂದದ್ದು: ಮಹಡಿ ಒಂದು, ಹಜಾರ ಒಂದು, ಅಣ್ಣ ಒಬ್ಬ.